ತಿದ್ದದೆ ಬಿಟ್ಟ ಎರಡು ಪದ

ನನ್ನ ಗಂಡನನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಬೀಳಿಸಿದವಳು ನಾನು. ಗೊತ್ತಿದ್ದೂ ಬೀಳಿಸಿದೆ. ಬಿದ್ದ ಮೇಲೆ ಅವರು ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದರು — ಅದಕ್ಕೂ ಸುಳ್ಳು ಹೇಳಿದೆ. ಶಹಾಪುರದಲ್ಲಿ ಇವತ್ತಿಗೂ ನನ್ನನ್ನು ಕಂಡರೆ ಜನ ಎದ್ದು ನಿಂತು ಕೈಮುಗಿಯುತ್ತಾರೆ, ‘ಟೀಚರಮ್ಮ ಬಂದ್ರು’ ಎನ್ನುತ್ತಾರೆ. ಎನ್ನಲಿ. ಅವರಿಗೇನು ಗೊತ್ತು.

ಅವರು ವಕೀಲರು. ಹೆಸರು ಚನ್ನಬಸಪ್ಪ, ಹುಟ್ಟೂರು ಸಗರ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಉರ್ದುವಿನಲ್ಲೇ ವಕೀಲಿಯ ಸನದು ಪಡೆದು, ಶಹಾಪುರದ ಕೋರ್ಟಿನಲ್ಲಿ ಉರ್ದುವಿನಲ್ಲೇ ವಾದ ಮಾಡುತ್ತಿದ್ದವರು. ಅವರ ಮಾತು ಕೇಳಲೆಂದೇ ಕೆಲಸವಿಲ್ಲದವರು ಕೋರ್ಟಿನ ಕಟ್ಟೆಗೆ ಬರುತ್ತಿದ್ದರಂತೆ. ಆ ಮಾತಿನ ಮೇಲೆ ಅವರಿಗಿದ್ದ ಸೊಕ್ಕು — ಅದನ್ನು ಹೇಗೆ ಹೇಳಲಿ? ಶೇರ್ವಾನಿಯ ಗುಂಡಿ ಹಾಕಿಕೊಳ್ಳುವಾಗಲೂ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಎಂಬಂತೆ ಹಾಕಿಕೊಳ್ಳುತ್ತಿದ್ದರು.

ನಾನು ಬಳ್ಳಾರಿ ಕಡೆಯವಳು. ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತ. ಸಾಹೇಬರ ಕೈಕೆಳಗೆ ದುಡಿದು ಇಂಗ್ಲಿಷ್ ಕಲಿತಿದ್ದ, ನನ್ನನ್ನೂ ಮಿಷನ್ ಶಾಲೆಗೆ ಹಾಕಿ ಎಂಟನೆಯ ಇಯತ್ತೆಯವರೆಗೆ ಓದಿಸಿದ್ದ. ಮದುವೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಎರಡು ಇಂಗ್ಲಿಷ್ ಪುಸ್ತಕಗಳಿದ್ದವು. ಅವರು ಒಂದನ್ನು ತೆಗೆದು ನೋಡಿ, “ಇದು ಎಡದಿಂದ ಬಲಕ್ಕ ಓಡ್ತದೇನು? ಓಡ್ಲಿ ಓಡ್ಲಿ” ಎಂದು ನಕ್ಕು ಟ್ರಂಕಿಗೇ ಎಸೆದಿದ್ದರು. ನಾನು ಟ್ರಂಕಿನ ಮುಚ್ಚಳ ಹಾಕಿದೆ. ಮಾತಾಡದೆ ಇರುವುದನ್ನು ಆ ಮನೆಯಲ್ಲಿ ಬಹಳ ಚೆನ್ನಾಗಿ ಕಲಿತೆ.

ನಮ್ಮ ಸೀಮೆ ಹಿಂದೂಸ್ತಾನಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಕಚೇರಿಗಳಲ್ಲಿ ಉರ್ದು ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಆಗ ಹುಕುಂ ಬಂತು — ಉರ್ದುವಿನಲ್ಲಿ ಓದಿದ ಕೆಳದರ್ಜೆ ವಕೀಲರು ಸನದು ಉಳಿಸಿಕೊಳ್ಳಬೇಕಾದರೆ ಕಲಬುರ್ಗಿಗೆ ಹೋಗಿ ಇಂಗ್ಲಿಷಿನ ಪರೀಕ್ಷೆ ಕೊಡಬೇಕು, ಬರೆಯುವುದೊಂದು, ಬಾಯಿಮಾತಿನದೊಂದು. ಎರಡು ಸಲ ಕೂಡಬಹುದು, ಅಷ್ಟೇ.

ಎಂಟು ದಿನ ಅವರು ಆ ಹುಕುಮನ್ನು ಬೈಯುತ್ತ ತಿರುಗಿದರು. ಆಮೇಲೆ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿರುವಾಗ ಅಡುಗೆಮನೆಯ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕುಳಿತರು. “ಏ, ಆ ಎ ಬಿ ಸಿ ಏನದ, ಸುರು ಮಾಡು. ಬಾಗಲಾ ಮುಂದ ಮಾಡು ಮದಲ,” ಎಂದರು. ಹೆಂಡತಿಯಿಂದ ಕಲಿಯುವುದು ಯಾರ ಕಣ್ಣಿಗೂ ಬೀಳಬಾರದಲ್ಲ!

ಕಲಿತರು. ಒಪ್ಪಿಕೊಳ್ಳಬೇಕು — ಅಷ್ಟು ಬೇಗ ಕಲಿತವರನ್ನು ನಾನು ಮುಂದೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ಕಾಣಲಿಲ್ಲ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಆದರೆ ನಾನು ಹೇಳಿಕೊಟ್ಟ ಪ್ರತಿಯೊಂದಕ್ಕೂ ಒಂದು ತಾತ್ಸಾರದ ಮಾತು ಸೇರಿಸಿಯೇ ಒಳಗೆ ಹಾಕಿಕೊಳ್ಳುತ್ತಿದ್ದರು. “ಇದೂ ಒಂದು ಭಾಷಾ ಅಂತ!” ಎನ್ನುವುದು, ಮರುದಿನ ತಪ್ಪಿಲ್ಲದೆ ಒಪ್ಪಿಸುವುದು.

ಒಂದು ದಿನ ಕೋರ್ಟಿನ ಪದಗಳಿಗೆ ಬಂದರು. “ಮುದ್ದಈಗ ಏನಂತಾರ? ಮುದ್ದಾಲೈಗ ಏನಂತಾರ?”

ಮುದ್ದಈ ಎಂದರೆ ದಾವಾ ಹಾಕಿದವನು. ಮುದ್ದಾಲೈ ಎಂದರೆ ಯಾರ ಮೇಲೆ ದಾವಾ ಹಾಕಿದ್ದಾರೋ ಅವನು. ಅಷ್ಟು ನನಗೆ ಗೊತ್ತಿತ್ತು. ಇಂಗ್ಲಿಷಿನ ಪ್ಲೇಂಟಿಫ್, ಡಿಫೆಂಡೆಂಟ್ ಎಂಬ ಪದಗಳನ್ನೂ ಕೇಳಿದ್ದೆ. ಯಾವುದು ಯಾರಿಗೆ ಎಂಬುದು ಮಾತ್ರ ಖಾತ್ರಿ ಇರಲಿಲ್ಲ. ಡಿಫೆಂಡ್ ಎಂದರೆ ಕಾಪಾಡಿಕೊಳ್ಳುವುದು. ತನ್ನ ಹೊಲ ಕಾಪಾಡಿಕೊಳ್ಳಲು ಕೋರ್ಟಿಗೆ ಬಂದವನೇ ಡಿಫೆಂಡೆಂಟ್ ಇರಬೇಕು ಎಂದುಕೊಂಡು — “ಮುದ್ದಈ ಅಂದ್ರ ಡಿಫೆಂಡೆಂಟ್, ಮುದ್ದಾಲೈ ಅಂದ್ರ ಪ್ಲೇಂಟಿಫ್” ಎಂದೆ. ಗೊತ್ತಿಲ್ಲ ಎನ್ನಬಹುದಿತ್ತು. ಆ ಮನುಷ್ಯನ ಮುಂದೆ ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ.

ಅಲ್ಲಿಯವರೆಗೆ ಅದು ಬರಿಯ ತಪ್ಪು.

ಪರೀಕ್ಷೆಗೆ ಇನ್ನೂ ವಾರವಿತ್ತು. ಅಪ್ಪ ನನ್ನನ್ನು ನೋಡಲು ಬಂದಿದ್ದ. ಹಿತ್ತಲಲ್ಲಿ ಕೂತು ಮಾತಾಡುವಾಗ ಈ ಎರಡು ಪದಗಳ ವಿಷಯ ಕೇಳಿದೆ. ಕಳೆದುಹೋದ ಸರಕಿನ ದಾವೆಗಳಲ್ಲಿ ಸಾಕ್ಷಿ ಹೇಳಿ ಹೇಳಿ ಅವನಿಗೆ ಕೋರ್ಟಿನ ಇಂಗ್ಲಿಷ್ ಬಾಯಿಗೆ ಬಂದಿತ್ತು. ಅವನು ಗಾಬರಿಯಾದ. “ಉಲ್ಟಾ ಹೇಳಿದ್ದಿ ನೀಲಾ! ದಾವಾ ಹಾಕಿದವ ಪ್ಲೇಂಟಿಫ್. ಇವತ್ತೇ ಹೇಳಿಬಿಡು ಅಳಿಯಂದಿರಿಗೆ.” ಹೂಂ ಅಂದೆ. ಮಧ್ಯಾಹ್ನದ ಮೋಟಾರಿಗೆ ಅವನು ರೈಲು ಹಿಡಿಯಲು ಯಾದಗಿರಿಗೆ ಹೊರಟ.

ಹೇಳಬೇಕೆಂದೇ ಇದ್ದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ, ನಡೆದದ್ದು ಹಾಗೆ. ಸಂಜೆ ಪಡಸಾಲೆಯಲ್ಲಿ ಅವರ ಮೂರು ನಾಲ್ಕು ಜನ ವಕೀಲ ಗೆಳೆಯರು ಸೇರಿದ್ದರು — ಸೋಲಿನ ಹೆದರಿಕೆಯನ್ನು ನಗೆಯಲ್ಲಿ ಮುಚ್ಚಿಡುತ್ತಿದ್ದ ದೊಡ್ಡ ದೊಡ್ಡ ಹೊಟ್ಟೆಗಳು. ನಾನು ಚಹಾ ತೆಗೆದುಕೊಂಡು ಬಾಗಿಲಿಗೆ ಬಂದೆ. ಯಾರೋ, “ವಕೀಲಸಾಬ್ರ, ಇಂಗ್ಲಿಷ್ ಎಲ್ಲಿ ಕಲ್ಯಾಕತ್ತೀರಿ?” ಎಂದು ಕೇಳಿದರು.

“ಎಲ್ಲಿ ಅಂದ್ರ? ನಮ್ಮ ಒಲಿ ಮುಂದ!” ಎಂದರು ಇವರು. “ರೊಟ್ಟಿ ಬಡ್ಯಾಕಿ ನನಗ ಉಸ್ತಾದ್ ಆಗ್ಯಾಳ್ರಿ. ಏನ್ ಕಾಲ ಬಂತು ನೋಡ್ರಿ. ಇವತ್ತು ಹೆಂಗಸು ಪಾಠ ಹೇಳ್ಯಾಳ, ನಾಳಿ ಹಿತ್ತಲದಾಗಿನ ಎಮ್ಮಿ ಹೇಳ್ತದ!”

ಎಲ್ಲರೂ ನಕ್ಕರು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿಯೂ ಇವರು ನಕ್ಕರು. ಚಹಾ ಇಟ್ಟು ಒಳಗೆ ಬಂದೆ. ಒಲೆಯ ಮುಂದೆ ಕೂತು — ಅಳಲಿಲ್ಲ. ನನಗೆ ಒಂದು ಬಗೆಯ ತಣ್ಣನೆಯ ನೆಮ್ಮದಿ ಬಂದಿತ್ತು. ಹೋಗಲಿ, ಎಮ್ಮೆಯನ್ನೇ ಕೇಳಿ ತಿದ್ದಿಕೊಳ್ಳಲಿ ಎಂದುಕೊಂಡೆ.

ಇನ್ನೂ ಆರು ಮುಂಜಾನೆ ಅವರು ಅದೇ ಮಣೆಯ ಮೇಲೆ ಕುಳಿತು ಒಪ್ಪಿಸಿದರು. ಆರು ಸಲ ಆ ಎರಡು ಪದ ಉಲ್ಟಾ ಬಂದವು. ಆರೂ ಸಲ ನಾನು ರೊಟ್ಟಿ ತಿರುವಿ ಹಾಕುತ್ತ, “ಬರೋಬ್ಬರಿ ಅದರಿ” ಎಂದೆ.

ಕಲಬುರ್ಗಿಯಲ್ಲಿ ಏನಾಯಿತೆಂಬುದು ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಜೊತೆಗೆ ಹೋಗಿದ್ದ ಗೆಳೆಯರೇ ತಂದಿದ್ದರು. ಬರೆಯುವ ಪರೀಕ್ಷೆ ಚೆನ್ನಾಗಿ ಆಗಿತ್ತು. ಬಾಯಿಮಾತಿನಲ್ಲಿ ಒಂದು ಬದುವಿನ ಜಗಳದ ಕೇಸು ಕೊಟ್ಟು, ಪ್ಲೇಂಟಿಫ್ ಕಡೆಯಿಂದ ವಾದ ಮಾಡಿ ಎಂದಿದ್ದರು. ಇವರು ಎದ್ದು ನಿಂತು, ಬದು ಒತ್ತಿದ ಮುದ್ದಾಲೈಯ ಪರವಾಗಿ, ಎಲ್ಲರಿಗಿಂತ ಒಳ್ಳೆಯ ಇಂಗ್ಲಿಷಿನಲ್ಲಿ, ಗುಡುಗಿದರಂತೆ. ಪರೀಕ್ಷಕರು ತಡೆದು ತಪ್ಪೆಂದರು. ಇವರು ಬಿಡಲಿಲ್ಲ. ನಿಮಗೇ ಗೊತ್ತಿಲ್ಲ, ಕೋರ್ಟಿನಲ್ಲಿ ಕೂದಲು ಬೆಳ್ಳಗಾಗಿದೆ ನನಗೆ, ಎಂದು ಅವರಿಗೇ ಪಾಠ ಹೇಳಲು ಹೋದರು. ಕಡೆಗೆ ಪರೀಕ್ಷಕರು ಪುಸ್ತಕ ತೆರೆದು ಇವರ ಮುಂದೆ ಹಿಡಿದರು. ಮೂವರೂ ಪರೀಕ್ಷಕರು ನಕ್ಕರಂತೆ. ಬಾಗಿಲ ಹೊರಗೆ ಸರದಿಗೆ ಕಾಯುತ್ತಿದ್ದವರೂ ನಕ್ಕರು. ಪರೀಕ್ಷಕರಲ್ಲೊಬ್ಬರು, “ನಿಮ್ಮ ಕೈಗೆ ಕೇಸು ಕೊಟ್ಟವನ ಗತಿ ದೇವರೇ ಬಲ್ಲ” ಎಂದರಂತೆ.

ವಾರದೊಳಗೆ ಶಹಾಪುರದ ಕೋರ್ಟಿನ ಜವಾನರ ಬಾಯಲ್ಲೂ ಅವರ ಹೆಸರು ‘ಉಲ್ಟಾ ವಕೀಲ’. ಅವರ ನಗೆಗೆ ನಗೆ ಸೇರಿಸಿ ನಮ್ಮ ಮನೆಯಲ್ಲಿ ಚಹಾ ಕುಡಿದವರೇ ಆ ಹೆಸರನ್ನು ಮೊದಲು ಇಟ್ಟದ್ದು. ಅಂಥ ಮಂದಿ.

ಅವರು ಮನೆಗೆ ಬಂದದ್ದು ಮಟಮಟ ಮಧ್ಯಾಹ್ನ. ನೀರು ಕೊಟ್ಟೆ, ಕುಡಿಯಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಮಣೆಯಿಲ್ಲದೆ ನೆಲದ ಮೇಲೆ ಕುಳಿತರು. ಅವತ್ತಿನವರೆಗೆ ‘ಏ’ ಎಂದಷ್ಟೇ ಕರೆಯುತ್ತಿದ್ದವರು ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು.

“ನೀಲಾ, ಖರೇ ಹೇಳು. ನೀ ನನಗ ಸರಿಯಾಗೇ ಹೇಳಿದ್ದಿ ಅಲ್ಲ? ಮುದ್ದಈ ಅಂದ್ರ ಪ್ಲೇಂಟಿಫ್ ಅಂತ? ನಾನೂ ಹಂಗೇ ಒಪ್ಪಿಸ್ತಿದ್ದೆ, ಅಲ್ಲಿ ಹೋಗಿ ಉಲ್ಟಾ ಮಾಡಿಕೊಂಡ್ನೇನು?”

ಆ ಮುಖದಲ್ಲಿ ಅನುಮಾನವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆದರಿ ಸುಳ್ಳು ಹೇಳಿದೆ ಎಂದುಕೊಂಡು ಬದುಕಬಹುದಿತ್ತು. ನಾನು ಹೆದರಿರಲಿಲ್ಲ. ಆ ಮುಖ ನೋಡಿ ನನಗೆ — ಬರೆಯಲೇಬೇಕು — ಸಂತೋಷವಾಗಿತ್ತು.

“ಹೌದ್ರಿ,” ಎಂದೆ. “ಸರಿಯಾಗೇ ಹೇಳಿದ್ದೆ.”

“ಹಂಗಾರ ನನ್ನ ತಲಿನ ಕೆಟ್ಟದ,” ಎಂದರು. ಆಮೇಲೆ ನೀರು ಕುಡಿದರು.

ಇನ್ನೊಂದು ಸಲ ಕೂಡಲು ಅವಕಾಶವಿತ್ತು. ನಾನು ಒಂದು ಮಾತು ಹೇಳಿದ್ದರೆ ಕಣ್ಣು ಮುಚ್ಚಿಕೊಂಡು ಪಾಸಾಗುತ್ತಿದ್ದರು. ಯಾದಗಿರಿಯಿಂದ ಅವರ ಅಣ್ಣ ಬಂದು ಬೈದರು, ಬೇಡಿಕೊಂಡರು. ಇವರು ಅಲುಗಲಿಲ್ಲ. “ಬ್ಯಾಡಣ್ಣಾ. ಕೇಳಿದ್ದು ಉಲ್ಟಾ ಕೂಡೋ ತಲಿ ಇದು. ಇದನ್ನ ಹೊತಗೊಂಡು ಕೋರ್ಟಿಗೆ ಹೋದ್ರ, ನಂಬಿ ಬಂದವನ ಹೊಲ ಹೋಗ್ತದ.”

ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಈ ಮನುಷ್ಯನೊಳಗೆ ಇಂಥದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ತೆರೆಯಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಮನೆ ಬಹಳ ಸುಖವಾಗಿತ್ತು — ಯಾರೂ ಗದರುತ್ತಿರಲಿಲ್ಲ, ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣುತ್ತಿದ್ದರು. ಮುರಿದ ಗಂಡನ ಜೊತೆ ಸಂಸಾರ ಹಗುರ. ಇಷ್ಟು ಹೊಲಸು ಲೆಕ್ಕ ಹಾಕಿದವಳು ನಾನು.

ಸನದು ಹೋಯಿತು. ಅವರು ಯಾದಗಿರಿಯಲ್ಲಿ ಅಣ್ಣನ ಅಡತಿ ಅಂಗಡಿಯಲ್ಲಿ ಶೇಂಗಾ ಚೀಲಗಳ ನಡುವೆ ಕೂತರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಬಲ್ಲ ಹೆಂಗಸು ಬೇಕಾಗಿದ್ದಳು — ನಾನು ಸಿಕ್ಕೆ. ಅವರ ಬಾಯಿ ಕಟ್ಟಿಹಾಕಿದ ಇಂಗ್ಲಿಷೇ ನನ್ನನ್ನು ಕುರ್ಚಿಯ ಮೇಲೆ ಕೂರಿಸಿತು. ಅವರಿಗೆ ತಮ್ಮ ಮೇಲಿನ ನಂಬಿಕೆ ಎಷ್ಟು ಹೋಯಿತೆಂದರೆ, ಸಗರದ ರೈತರು ಹಳೆಯ ಉರ್ದು ಕಾಗದ ತೋರಿಸಿದರೂ ಓದಿ ಹೇಳುತ್ತಿರಲಿಲ್ಲ. ಅವರೇ ರಾಜನಂತೆ ಆಳಿದ ಭಾಷೆ ಅದು!

ಮಗ, ಮಗಳು ನನ್ನ ಹತ್ತಿರ ಓದಿ ಬೆಳೆದರು. ಒಮ್ಮೆ ಮಗಳು ಲೆಕ್ಕ ಬಿಡಿಸುತ್ತಿದ್ದಾಗ ಇವರು ಪಕ್ಕದಲ್ಲಿ ಕೂತು ಏನೋ ತೋರಿಸಲು ಹೋದರು. ಮಗ ಅಂದ, “ಅಪ್ಪಗ ಕೇಳಬ್ಯಾಡ, ಉಲ್ಟಾ ಹೇಳ್ತಾನ.” ಅವನಿಗಾಗ ಹತ್ತು ವರ್ಷವೂ ತುಂಬಿರಲಿಲ್ಲ. ಇವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ನಕ್ಕೆ. ಹೌದು, ಮಕ್ಕಳ ಜೊತೆ ಸೇರಿ ನಕ್ಕೆ.

ನನ್ನ ನಿವೃತ್ತಿಯ ದಿನ ಶಾಲೆಯವರು ಅವರನ್ನೂ ವೇದಿಕೆಗೆ ಕರೆದರು. ಅವರು ಮೈಕಿನ ಮುಂದೆ ನಿಂತು, “ಇಕಿ ನನಗೂ ಕಲಿಸ್ಯಾಳ್ರಿ, ಭಾಳ ಚಲೋ ಕಲಿಸಿದ್ದಳು. ನನ್ನ ತಲಿಗೇ ಹತ್ತಲಿಲ್ಲ,” ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಕೊರಳಲ್ಲಿ ಮಾಲೆ ಇತ್ತು. ಅಷ್ಟು ಜನರ ಮುಂದೆ ಬೇಡ, ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಮನೆಗೆ ಹೋದೆವು. ಅವರು ಆಮೇಲೆ ಆರು ವರ್ಷ ಬದುಕಿದ್ದರು — ದಿನಾ ನನ್ನೆದುರೇ ಕೂತು ಊಟ ಮಾಡುತ್ತ, ದಿನಾ...

ಹೋದ ತಿಂಗಳು ಅವರನ್ನು ಮಣ್ಣು ಮಾಡಿ ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ಮಗ ಬೀಗರ ಮುಂದೆ ಅಂದ: “ಅಪ್ಪ ಪಾಪ ಮನುಷ್ಯ ಒಳ್ಳೇವ, ತಲಿ ಸ್ವಲ್ಪ ಕಮ್ಮಿ. ಅವ್ವ ಇದ್ದದ್ದಕ್ಕ ಈ ಮನಿ ನಿಂತದ.” ಪ್ರೀತಿಯಿಂದಲೇ ಅಂದ. ಮಗಳೂ ತಲೆಯಾಡಿಸಿದಳು. ಸತ್ತವರ ಬಗ್ಗೆ ಆ ಮನೆಯಲ್ಲಿ ಆಡಿದ ಕಡೆಯ ಮಾತು ಅದು, ಮತ್ತು ಅದನ್ನು ನಾನೇ ಅವನ ಬಾಯಲ್ಲಿಟ್ಟಿದ್ದೆ.

ಅವರು ನಾಲ್ಕು ಜನರ ಮುಂದೆ ನನ್ನನ್ನು ಹೀಯಾಳಿಸಿದ್ದು ಒಂದು ಸಂಜೆ. ನಾನು ಅವರನ್ನು ಹೀಯಾಳಿಸಿದ್ದು ಒಂದು ಇಡೀ ಬಾಳು, ಅದೂ ಮೆಲುದನಿಯಲ್ಲಿ, ‘ಹೌದ್ರಿ’ ಎನ್ನುತ್ತ. ಆ ಹೊಟ್ಟೆಯ ವಕೀಲರನ್ನು, ನಕ್ಕ ಪರೀಕ್ಷಕರನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲೇ ಉಗಿದಿದ್ದೇನೆ. ಅವರೆಲ್ಲ ಒಮ್ಮೆ ನಕ್ಕು ಮರೆತವರು. ಅವರಲ್ಲಿ ಒಬ್ಬನೂ ನನ್ನಷ್ಟು ಕೀಳಲ್ಲ.

ಈ ಭಾನುವಾರ ಇಬ್ಬರು ಮಕ್ಕಳೂ ಬರುತ್ತಾರೆ. ಉಣ್ಣಲು ಬಡಿಸುವ ಮೊದಲೇ ಹೇಳುತ್ತೇನೆ: ನಿಮ್ಮಪ್ಪನ ತಲೆ ಚೊಕ್ಕವಾಗಿತ್ತು, ಅವರಿಗೆ ತಪ್ಪು ಕಲಿಸಿ ಬಿಟ್ಟವಳು ನಾನು. ಆ ಸಂಜೆಯ ಎಮ್ಮೆಯ ಮಾತನ್ನು ಅವರಿಗೆ ಹೇಳುವುದಿಲ್ಲ. ಹೇಳಿದರೆ ಮಗಳು ನನ್ನ ಕೈ ಹಿಡಿದುಕೊಂಡುಬಿಡುತ್ತಾಳೆ. ಅದು ನನಗೆ ಬೇಡ.