ಬೈಕಿನ ಗಾಜು ಮತ್ತು ಮಾವನ ಸ್ಕ್ರೂಡ್ರೈವರ್

ಮೊನ್ನೆ ಅಮ್ಮ ಮಾಳಿಗೆ ಮೇಲೆ ಸಂಡಿಗೆ ಹಾಕಿ, ಕಾಗೆ ಬಾರದಿರಲಿ ಎಂದು ಏನನ್ನೋ ಮುಚ್ಚಿದ್ದಳು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಬಗ್ಗಿ ನೋಡಿದರೆ ನನ್ನ ಬೈಕಿನ ವಿಂಡ್‌ಶೀಲ್ಡು! ನೀವೇನೇ ಹೇಳಿ, ಆ ಗಾಜು ಹುಟ್ಟಿದ್ದೇ ಸಂಡಿಗೆ ಕಾಯಲಿಕ್ಕೆ. ಬೈಕಿನ ಮೇಲಿದ್ದಷ್ಟು ದಿನ ಅದು ಮಾಡಿದ್ದು ನನ್ನ ಮಾನ ಕಳೆಯುವ ಕೆಲಸವೊಂದೇ.

ಎರಡು ವರ್ಷದ ಹಿಂದಿನ ಮಾತು. ಡಿಗ್ರಿ ಮುಗಿಸಿ, ಆ ಡಿಗ್ರಿಯಿಂದ ಏನೂ ಆಗುವುದಿಲ್ಲ ಎಂಬುದನ್ನೂ ಮುಗಿಸಿ, ಮಧುಗಿರಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಸೋದರಮಾವನ ಹತ್ತಿರ ಕೆಲಸಕ್ಕೆ ಸೇರಿದ್ದೆ. ಮಾವನದು ಕಿವಿಯ ವಿದ್ಯೆ. ಓಡುತ್ತಿರುವ ಮೋಟಾರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದನೆಂದರೆ, ಬಿಚ್ಚದೆಯೇ ಅದರ ಕಾಯಿಲೆ ಹೇಳಿಬಿಡುತ್ತಿದ್ದ. ಆದರೆ ಮೂವತ್ತು ವರ್ಷ ಹೆಲ್ಮೆಟ್ಟಿಲ್ಲದೆ ಶಿರಾ, ಪಾವಗಡ ಎಂದು ಬೈಕಿನಲ್ಲಿ ಸುತ್ತಿದವನ ಬಲಗಿವಿ ಗಾಳಿಯ ಸದ್ದಿಗೆ ಮಂದವಾಗಿತ್ತು. ಎಡಗಿವಿಯೂ ಅದರ ಹಿಂದೆಯೇ ಹೊರಟಿತ್ತು. ಅವನಿಗೆ ಬೇಕಾಗಿದ್ದದ್ದು ನಾನಲ್ಲ, ನನ್ನ ಎರಡು ಕಿವಿ.

"ತಲೆ ಹೆಂಗಾದ್ರೂ ಇರ್ಲಿ ಕಣ್ಲಾ, ಕಿವಿ ಜ್ವಾಪಾನ. ನೀನು ಕೇಳೋದು ಕಲಿತ್ರೆ ಅಂಗ್ಡಿ ನಡೀತದೆ. ಇಲ್ದಿದ್ರೆ ನಾನು ಬಾಗ್ಲು ಹಾಕೋದೇಯ."

ಇದನ್ನು ಬೇರೆಯವರಾಗಿದ್ದರೆ ನಿಧಾನಕ್ಕೆ ಬೈಕ್ ಓಡಿಸಿ ಪಾಲಿಸುತ್ತಿದ್ದರು. ನಾನು ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿ ಒಬ್ಬ ಮಹಾನುಭಾವ ಹಿಮದ ಬೆಟ್ಟದಲ್ಲಿ ನಿಂತು, ಗಾಳಿಯ ಸದ್ದಿಗೆ ಎತ್ತರದ ಗಾಜೇ ಮದ್ದು ಎಂದು ಬೋಧಿಸುತ್ತಿದ್ದ. ನಾನು ಹೋಗಬೇಕಾಗಿದ್ದದ್ದು ಇಲ್ಲೇ ಹತ್ತಿರದ ಹೊಳವನಹಳ್ಳಿಗೆ. ಆದರೂ ಆ ಹಿಮ ನೋಡಿ ನನಗೇ ಚಳಿಯಾಗಿ ಶಿರಾದ ಒಂದು ಅಂಗಡಿಗೆ ಓಡಿದೆ.

"ಹಾಕ್ಕೊಳ್ಳಿ ಭಾಯ್, ಗಾಳಿ ನಿಮ್ಗೆ ಸಲಾಂ ಹೊಡ್ದು ಸೈಡಿಗೆ ಹೋಗ್ತದೆ" ಎಂದ ಅಂಗಡಿಯವನು.

"ಚಿಕ್ಕದು ಸಾಕಾಗಲ್ವಾ?"

"ಚಿಕ್ಕದು ಚಿಕ್ಕೋರಿಗೆ. ನೀವು ಮೆಕ್ಯಾನಿಕ್ಕು!"

ನನ್ನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ನೂರು ಸಿಸಿ ಬೈಕಿಗೆ ಬಸ್ಸಿನ ಮುಂಗಾಜಿನಂಥದ್ದನ್ನು ಕಟ್ಟಿಸಿಕೊಂಡು ಬಂದುಬಿಟ್ಟೆ.

ಗಾಳಿ ಸಲಾಮೇನೋ ಹೊಡೆಯಿತು, ನನ್ನ ತಲೆಗೇ ಹೊಡೆಯಿತು. ಮೊದಲು ಎದೆಗೆ ಬಡಿದು ಸುಮ್ಮನಾಗುತ್ತಿದ್ದ ಗಾಳಿ, ಈಗ ಗಾಜು ಹತ್ತಿ, ಗದ್ದದ ಮಟ್ಟಕ್ಕಿದ್ದ ಅದರ ಅಂಚಿನಿಂದ ಸುಳಿದು, ನೇರ ಹೆಲ್ಮೆಟ್ಟಿಗೆ ಗುದ್ದತೊಡಗಿತು. ಒಳಗೆ ತಮಟೆ ಮೇಳ. ಬುದ್ಧಿಯಿದ್ದವನು ಅಲ್ಲೇ ನಿಲ್ಲಿಸುತ್ತಿದ್ದ. ನಾನೋ, ಗಾಜು ಹಾಕಿಸಿದ ಮೇಲೆ ಗಾಳಿಯ ಸದ್ದು ಬರುವ ಹಾಗೇ ಇಲ್ಲ, ಇದೇನಿದ್ದರೂ ಇಂಜಿನ್ನಿನದು ಎಂದುಕೊಂಡು ಇನ್ನಷ್ಟು ಜೋರಾಗಿ ಓಡಿಸಿದೆ. ಹಿಂದೆ ಕೂತ ಮಾವ ಬೆನ್ನಿಗೆ ಗುದ್ದುತ್ತಿದ್ದುದನ್ನು ಪ್ರೋತ್ಸಾಹವೆಂದು ತಿಳಿದೆ.

ಐ.ಡಿ.ಹಳ್ಳಿಯಲ್ಲಿ ರಂಗಮ್ಮನ ಕನಕಾಂಬರದ ತೋಟ. ಅವಳ ಮೋಟಾರು ಸದ್ದು ಮಾಡುತ್ತಿತ್ತು. ಮಾವ ಅವತ್ತೇ ಮೊದಲ ಸಲ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟ. ಬೈಕಿನಿಂದ ಇಳಿದವನು ಇಳಿದ ಹಾಗೇ ಹೋಗಿ ಕಿವಿಯಿಟ್ಟೆ. ಗುಂಯ್ ಎಂದಿತು.

"ಬೇರಿಂಗ್ ಹೋಗೈತೆ ಮಾವ!"

"ಸರ್ಯಾಗ್ ಕೇಳ್ಲಾ."

"ಕೇಳ್ದೆ ಮಾವ. ಬಾಯ್ಬುಟ್ಟು ಹೇಳ್ತಾ ಐತೆ."

ಬಿಚ್ಚಿದೆವು. ಬಿಚ್ಚಿದೆವು ಎನ್ನುವುದು ಮರ್ಯಾದೆಯ ಮಾತು. ಬೇರಿಂಗು ಹೊರಗೆ ಬರಲಿಲ್ಲವೆಂದು ನಾನು ಸುತ್ತಿಗೆಯಲ್ಲಿ ಬಡಿದು ಅದನ್ನು ಸೀಳಿದೆ. ಮಾವ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಸವೆದಿರಲಿಲ್ಲ. ಆಮೇಲೆ ಹಿಂದಿನ ಫ್ಯಾನಿನ ಮುಚ್ಚಳ ಅಲ್ಲಾಡಿಸಿದ. ಕಿಟಕಿಟ ಎಂದಿತು. ಒಂದು ಸ್ಕ್ರೂ ಸಡಿಲ, ಅಷ್ಟೇ.

"ನಿಂಗೆ ಗುಂಯ್ ಅನ್ನೋದು ಈಗ್ಲೂ ಕೇಳುಸ್ತೈತಾ?"

"ಹೂಂ ಮಾವ, ಕೇಳುಸ್ತಾನೇ ಐತೆ."

ರಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ ಅಣ್ಣ! ಮೋಟ್ರು ಗೋಣಿಚೀಲದ ಮ್ಯಾಲೆ ಬಿಚ್ಕಂಡು ಬಿದ್ದೈತೆ, ಇವುನ್ಗೆ ಇನ್ನೂ ಓಡ್ತೈತಂತೆ! ಮೊದ್ಲು ಇವುನ್ನ ರಿಪೇರಿ ಮಾಡ್ಸು!"

ಮಾವ ನಗಲಿಲ್ಲ. ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟು, "ಇನ್ನು ಇದ್ನ ಮುಟ್ಬ್ಯಾಡ" ಎಂದ. ನನಗೆ ಬೈದಿದ್ದರೆ ಚೆನ್ನಾಗಿತ್ತು. ಅವನು ಅಂಗಡಿಯ ಬಾಗಿಲನ್ನೇ ಅಲ್ಲಿ ಸುತ್ತಿಟ್ಟ ಹಾಗಿತ್ತು.

ಹೊಸ ಬೇರಿಂಗು ಬರಲು ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ರಂಗಮ್ಮನ ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತವನು ನಾನು. ಗಾಜು ಬಿಚ್ಚಿ ಬಿಸಾಕಿದೆ. ನಲವತ್ತರ ಮೇಲೆ ಓಡಿಸುವುದು ಬಿಟ್ಟೆ. ಹಿಮದ ಬೆಟ್ಟದವನು ಹೇಳದ ಗುಟ್ಟೆಂದರೆ, ನಿಧಾನಕ್ಕೆ ಹೋದರೆ ಗಾಳಿಗೆ ಅಷ್ಟು ಬಾಯಿಯೇ ಇರುವುದಿಲ್ಲ. ಇದಕ್ಕೆ ವಿಡಿಯೊ ಮಾಡಿದರೆ ಯಾರು ನೋಡುತ್ತಾರೆ? ಮಾವ ಮಾತ್ರ ಎರಡು ವರ್ಷ ನನ್ನ ಕೈಗೆ ಪಾನಾ ಕೊಟ್ಟ, ಗ್ರೀಸು ಕೊಟ್ಟ, ಸ್ಕ್ರೂಡ್ರೈವರ್ ಕೊಡಲಿಲ್ಲ.

ಈ ಸೋಮವಾರ ಕೊರಟಗೆರೆ ಹತ್ತಿರ ಒಂದು ತೋಟಕ್ಕೆ ಹೋಗಿದ್ದೆವು. ಮಾವ ಮೋಟಾರಿಗೆ ಬಲಗಿವಿ ಕೊಟ್ಟ, ಎಡಗಿವಿ ಕೊಟ್ಟ, ಮತ್ತೆ ಬಲಗಿವಿ ಕೊಟ್ಟ. ತುಂಬ ಹೊತ್ತಾಯಿತು. ಕೊನೆಗೆ ನನ್ನ ಮುಖ ನೋಡದೆ ಸ್ಕ್ರೂಡ್ರೈವರನ್ನು ನನ್ನತ್ತ ಚಾಚಿದ. ತೋಟದವರು ಕಾಯುತ್ತ ನಿಂತಿದ್ದರು. ನಾನು ಕಿವಿಯಿಟ್ಟು ನೋಡಿ, ತೆಗೆದೆ.

"ಮಾವ, ದಾರಿ ಗಾಳಿ ಇನ್ನೂ ಕಿವೀಲೈತೆ. ಈಗ ಏನೇಳಿದ್ರೂ ಸುಳ್ಳಾಯ್ತದೆ. ಹತ್ತು ನಿಮ್ಸ ಬುಡು."

ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಾನೆಂದು ಕೈ ಸಡಿಲ ಮಾಡಿದೆ. ಮಾವ ಮೋಟಾರು ಆಫ್ ಮಾಡಿ, ತೊಟ್ಟಿಯ ಕಟ್ಟೆ ಮೇಲೆ ಕೂತು ಪಕ್ಕದಲ್ಲಿ ನನಗೂ ಜಾಗ ಬಿಟ್ಟ.

"ಹತ್ತ್ಯಾಕ್ಲಾ, ಇಪ್ಪತ್ತು ತಗೋ" ಎಂದ.