ಬಾಯಿ ತುಂಬ ನೀರು, ಬಂಡೆಯ ಮೆಟ್ಟಿಲು

ಆಗ ನಮ್ಮ ಕಡೆ ಹರಕೆ ಹೊತ್ತವರೇ ಅದನ್ನು ತೀರಿಸಬೇಕೆಂದಿರಲಿಲ್ಲ. ಮನೆಯ ಮಕ್ಕಳ ಕಾಲುಗಳನ್ನು ಎರವಲು ಪಡೆಯಬಹುದಿತ್ತು. ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನ ಕಾಲುಗಳು ಹೀಗೆ ಅವ್ವನ ಪಾಲಿಗೆ ಹೋದವು. ನನಗೆ ಎಂಟು ವರ್ಷ. ಎಂಟೇ ಎಂದು ಅವ್ವ ಹೇಳುತ್ತಿದ್ದಳು, ನನಗೆ ಖಾತ್ರಿಯಿಲ್ಲ.

ನನ್ನ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳು ಉಳಿದಿರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅವ್ವ ಸೊರಬದ ಕಡೆಯ ಹೆಬ್ಬಂಡೆಗೆ ಹರಕೆ ಹೊತ್ತಳು. ಊರಿಗೆ ಊರೇ ನೆರಳಲ್ಲಿ ಕೂರಬಹುದಾದಷ್ಟು ದೊಡ್ಡ ಒಂಟಿ ಬಂಡೆ. ಯಾರೋ ಎಂದೋ ಅದರ ಮೈಯಲ್ಲೇ ಮೆಟ್ಟಿಲು ಕಡಿದಿದ್ದರು. ಬುಡದಲ್ಲಿ ನೀರು ನಿಲ್ಲುವ ಕಲ್ಲಿನ ದೊಣೆಯಿಂದ ಬಾಯಿ ತುಂಬ ನೀರು ತುಂಬಿಕೊಂಡು, ಮಾತಾಡದೆ, ನುಂಗದೆ ಹತ್ತಿ, ತುದಿಯ ಬಿರುಕಿನಲ್ಲಿ ಬೆಳೆದ ಗೋಣಿ ಮರದ ಬೇರಿಗೆ ಅದನ್ನು ಬಿಡಬೇಕು. ಆ ನೀರಿಗೆ ಎಂಜಲು ಮೈಲಿಗೆ ಇಲ್ಲ ಎನ್ನುತ್ತಿದ್ದರು. ಜೊತೆಗೆ ಹೋದವರಿಗೂ ಅದೇ ಕಟ್ಟಳೆ. ತುಂಬಿದ ಬಸುರಿ ಹತ್ತುವಂತಿರಲಿಲ್ಲ. ಹಾಗಾಗಿ ನಾನು, ಜೊತೆಗೆ ಸೊರಬದ ಹತ್ತಿರದ ಉಳವಿಯಲ್ಲಿದ್ದ ಅಪ್ಪನ ಅಕ್ಕ, ಗಿರಿಜತ್ತೆ.

ಶಿಕಾರಿಪುರದ ನಮ್ಮ ಅಂಗಳದಲ್ಲಿ ಒಂದು ವಾರ ಅಭ್ಯಾಸ ನಡೆಯಿತು. ನಾನು ಬಾಯಲ್ಲಿ ನೀರು ಹಿಡಿದು ಕುಂಟಾಬಿಲ್ಲೆ ಆಡುವುದು, ಪಕ್ಕದ ಮನೆಯ ಹುಡುಗಿಯರು ನಗಿಸುವುದು. ಒಬ್ಬಳು ನಮ್ಮ ಮೇಷ್ಟ್ರು ನಶ್ಯ ಏರಿಸುವುದನ್ನು ಮಾಡಿ ತೋರಿಸಿದಾಗ ಮಾತ್ರ ಸೋತೆ. ನೀರು ಮೂಗಿನಿಂದ ಬಂತು. ಎಲ್ಲರೂ ನಕ್ಕರು. ಅವ್ವ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಅಲ್ಲಿ ಹಿಂಗ ಮಾಡಿದ್ರ ಇದೂ ಹೋಗತೈತಿ ನೋಡು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಂದಿನಿಂದ ಊಟಕ್ಕೆ ಕೂತು ನೀರು ಕುಡಿಯುವಾಗಲೂ ನುಂಗುವ ಮೊದಲು ಅವ್ವನ ಮುಖ ನೋಡುತ್ತಿದ್ದೆ.

ಬಸ್ಸಿಳಿದು, ಬುತ್ತಿಯ ಗಂಟು ಹೊತ್ತು ಬಂಡೆಯ ಬುಡಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬಾವಲಿಯ ಹಿಕ್ಕೆಯ, ಒಣಗಿದ ಪಾಚಿಯ ವಾಸನೆ. "ಹೆದ್ರಬೇಡ್ವೇ. ನಾ ಹಿಂದೇ ಇರ್ತೀನಿ. ನೀ ಬಿದ್ರೆ ನನ್ನ ಮೇಲೇ ಬೀಳ್ತೀಯ, ನಾ ಹೆಂಗೂ ಮೆತ್ತಗಿದೀನಿ," ಎಂದಳು ಅತ್ತೆ. ಆಮೇಲೆ ಇಬ್ಬರೂ ದೊಣೆಗೆ ಬಗ್ಗಿದೆವು. ನೀರಿಗೆ ಕೊಳೆತ ಎಲೆಯ ರುಚಿ.

ಮೆಟ್ಟಿಲು ಎಂದರೆ ಒಂದು ಪಾದ ಹಿಡಿಸುವಷ್ಟು ಗುಳಿಗಳು. ಹಿಡಿದುಕೊಳ್ಳಲು ಏನೂ ಇಲ್ಲ. ಎಡಕ್ಕೆ ಬಂಡೆ ಜಾರಿ ಇಳಿದಿತ್ತು. ಅದರ ಕೆಳಗೆ, ಬಹಳ ಕೆಳಗೆ, ಗದ್ದೆಗಳು. ಕಾದ ಕಲ್ಲು ಅಂಗಾಲು ಸುಡುತ್ತಿತ್ತು. ಮೂಗಿನಲ್ಲಷ್ಟೇ ಉಸಿರಾಡುತ್ತ ಹತ್ತಿದೆ. ಅರ್ಧದಲ್ಲಿ ನೀರು ನುಂಗಿದೆ.

ಭಯಕ್ಕೆ ನುಂಗಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೋತಿಯೊಂದು ಅಡ್ಡ ಬಂತೆಂದೂ ನಡುವೆ ಸೇರಿಸಿಕೊಂಡಿದ್ದೆ. ಕೋತಿ ಇರಲಿಲ್ಲ. ಬಾಯಾರಿತ್ತು, ಕುಡಿದೆ.

ಕೆನ್ನೆ ಉಬ್ಬಿಸಿಕೊಂಡೇ ಮುಂದುವರಿದೆ. ಅತ್ತೆಗೆ ಗೊತ್ತಾದೀತೆಂದು ಕುತ್ತಿಗೆಯನ್ನೂ ಬಿಗಿಹಿಡಿದೆ. ಗಮನವೆಲ್ಲ ಅಲ್ಲಿದ್ದುದರಿಂದ ಕಾಲು ಗುಳಿ ತಪ್ಪಿತು. ಮೊಣಕಾಲು ಕಲ್ಲಿಗೆ ಬಡಿದು ಮೈ ಎಡಕ್ಕೆ ವಾಲಿತು.

"ಕೂತ್ಕಳೇ, ಅಲ್ಲೇ ಕೂತ್ಕ."

ಅತ್ತೆಯ ಕೈ ನನ್ನ ಲಂಗ ಹಿಡಿದಿತ್ತು. ಕೂತೆ. ಅವಳ ಬಾಯಿಂದ ಬಿದ್ದ ನೀರು ಕಲ್ಲಿನ ಮೇಲೆ ಕಪ್ಪಗೆ ಹರಡಿ, ನಾವಿಬ್ಬರೂ ನೋಡುತ್ತಿದ್ದಂತೆಯೇ ಆರಿತು. ಅಷ್ಟು ಬೇಗ ಆರುತ್ತದೆಯೇ? ನನ್ನ ನೆನಪಿನಲ್ಲಿ ಆರುತ್ತದೆ.

ಅವಳು ನನ್ನ ಕೆನ್ನೆ ನೋಡಿದಳು. "ನಿಂದು ಇದ್ಯಲ್ಲ?"

ಹೌದೆಂದು ತಲೆಯಾಡಿಸಿದೆ.

"ಸಾಕು ಬಿಡು. ಹರಕೆ ತೀರಿಸೋಳು ನೀನು," ಎಂದಳು. ತುದಿ ಮುಟ್ಟುವವರೆಗೂ ನನ್ನ ಲಂಗ ಬಿಡಲಿಲ್ಲ.

ತುದಿಯಲ್ಲಿ ಗೋಣಿಯ ಬೇರಿಗೆ ನಾನು ಬಿಟ್ಟದ್ದು ಬರೀ ಜೊಲ್ಲು. ಅತ್ತೆ ಆ ಹೊತ್ತಿಗೆ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಕೆಳಗಿಳಿದು ಬುತ್ತಿ ಬಿಚ್ಚಿದರೆ ಅವಳಿಗೆ ರೊಟ್ಟಿ ಸೇರಲಿಲ್ಲ. ಅವಳ ಪಾಲನ್ನೂ ನಾನೇ ತಿಂದೆ.

ಆಮೇಲಿನ ಒಂದು ತಿಂಗಳು ಅವ್ವನ ಹೊಟ್ಟೆಯ ಕಡೆ ನೋಡದಂತೆ ಓಡಾಡಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತರೆ ಸಾಕು, ಹಿತ್ತಲಿಗೆ ಓಡುತ್ತಿದ್ದೆ. ಮಗು ಗಂಡು. ಮೂರು ದಿನ ಇತ್ತು.

ಸುದ್ದಿ ತಿಳಿದು ಬಂದ ಅತ್ತೆ ಬಾಣಂತಿಯ ಕೋಣೆಯ ಹೊರಗೇ ನಿಂತು, "ನಾ ಬಾಯಿ ಬಿಟ್ಟೆ ಕಣೇ. ಹುಡುಗಿ ಬೀಳ್ತಿದ್ಲು, ಕೂಗಿಬಿಟ್ಟೆ," ಎಂದಳು. ಅವ್ವ ಗೋಡೆಯ ಕಡೆ ಹೊರಳಿದಳು. ನಾನು ಬಾಗಿಲ ಹಿಂದೆಯೇ ಇದ್ದೆ. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು.

ಅವ್ವ ಮತ್ತೆ ಉಳವಿಗೆ ಹೋಗಲಿಲ್ಲ. ಹಬ್ಬಕ್ಕೆ ಅತ್ತೆ ಬಂದರೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬರಬರುತ್ತ ಅತ್ತೆಯೂ ಬರುವುದನ್ನು ಬಿಟ್ಟಳು. ಇಂಥದ್ದಕ್ಕೆಲ್ಲ ಮಕ್ಕಳು ಸಾಯುವುದಿಲ್ಲ ಎಂಬ ತಿಳಿವಳಿಕೆ ಬಂದ ಮೇಲಾದರೂ ಹೇಳುವುದು ನನಗೆ ಸುಲಭವಾಗಬೇಕಿತ್ತು. ಆಗಲಿಲ್ಲ. ಮಗುವಿನ ಸಾವಿಗೆ ನಾನು ಕಾರಣಳಲ್ಲ. ಆ ಇಬ್ಬರ ಮಾತು ನಿಂತದ್ದಕ್ಕೆ?

ಈಗ ಬಂಡೆಗೆ ಕಬ್ಬಿಣದ ಕಂಬಿ ಹಾಕಿದ್ದಾರೆ. ಮಕ್ಕಳು ಕೂಗಾಡುತ್ತ ಹತ್ತುತ್ತಾರೆ, ಒಳ್ಳೆಯದೇ ಆಯಿತು. ಕಳೆದುಹೋದದ್ದು ಬೇರೆ. ಒಂದು ಕಾಲಕ್ಕೆ ಅತ್ತೆ ಬಂದರೆ ಅವ್ವ ಒಲೆಯ ಪಕ್ಕ ಮಣೆ ಎಳೆದು ಹಾಕುತ್ತಿದ್ದಳು. ಇಬ್ಬರೂ ಅವರೆಕಾಯಿ ಸುಲಿಯುತ್ತ, ಅಪ್ಪನನ್ನು ಆಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅಂಥ ನಗೆಯನ್ನು ಆಮೇಲೆ ನಮ್ಮ ಮನೆಯಲ್ಲಿ ನಾನು ಕೇಳಲಿಲ್ಲ.

ಅತ್ತೆ ತೀರಿಕೊಂಡ ದಿನ ಉಳವಿಗೆ ಹೊರಟು ನಿಂತಾಗ ಅವ್ವ ನನ್ನ ಸೆರಗು ಸರಿಮಾಡಿ, "ನೀನಾದ್ರೂ ಹೋಗವ್ವ. ನಿನ್ನ ಉಳಿಸಿದಾಕಿ," ಎಂದಳು.

ಆಗಲೂ ಹೇಳಬಹುದಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು.