ಅಪ್ಪನ ಬಂದೂಕಿನ ಕುದುರೆ

ನಮ್ಮಪ್ಪನಿಗೆ ಲಕ್ವ ಹೊಡೆದ ಮೇಲೆ ಕಾಲು ನಿಧಾನಕ್ಕೆ ಸರಿಹೋಯಿತು, ಬಾಯಿಯಂತೂ ಮೊದಲಿಗಿಂತ ಜೋರಾಯಿತು. ಬಲಗೈಯ ತೋರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ರೊಳ್ಳ ಎಂಬ ಊರಿನ ಹತ್ತಿರದ ನಮ್ಮ ಕಡಲೆಕಾಯಿ ಹೊಲಕ್ಕೆ ಮಂಗಗಳು ಬರುತ್ತಿದ್ದವು. ಮೊದಲೆಲ್ಲ ಅಪ್ಪ ಹುಣಸೆ ಮರಕ್ಕೆ ತಗಡಿನ ಡಬ್ಬ ಕಟ್ಟಿ, ಸೀಸದ ಸಣ್ಣ ಗುಂಡು ಹಾಕುವ ಹಳೆಯ ಛರ್ರೆ ಬಂದೂಕಿನಿಂದ ಅದಕ್ಕೆ ಹೊಡೆದು, ಆ ಸದ್ದಿಗೆ ಅವನ್ನು ಓಡಿಸುತ್ತಿದ್ದ. ಮಂಗಗಳಿಗೇ ಗುರಿಯಿಡುವ ಧೈರ್ಯ ಇರಲಿಲ್ಲ. ಆಮೇಲೆ ಆಂಜನೇಯನಿಗೆ ಉತ್ತರ ಹೇಳುವವರು ಯಾರು?

ಆ ಬಂದೂಕಿನ ಕುದುರೆ, ಅಂದರೆ ಬೆರಳಲ್ಲಿ ಎಳೆಯುವ ಕಬ್ಬಿಣದ ಕೊಕ್ಕೆ, ಸವೆದು ಸವೆದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಪ್ಪನ ಬೆರಳಿಗೆ ಅದು ಜಗ್ಗಲಿಲ್ಲ. ಎಡಗೈಯಲ್ಲಿ ಹೊಡಿ ಎಂದರೆ, ಎಡಗೈಯಲ್ಲಿ ಉಣ್ಣು ಎಂದಷ್ಟು ಕೋಪ. ಮಂಗಗಳು ಅವನೆದುರಿಗೇ ಕೂತು ಕಾಯಿ ಸುಲಿದು ತಿಂದವಂತೆ. ಆ ಅವಮಾನಕ್ಕೆ ಅಪ್ಪ ಹೊಲದ ಕಡೆ ಹೋಗುವುದನ್ನೇ ಬಿಟ್ಟು ಮಂಚ ಹಿಡಿದ.

ನಾನಾಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಯಾರ್ಯಾರದೋ ಕುಂಡಿಗೆ ಜೇಬು ಹಚ್ಚುವುದೇ ನನ್ನ ಉದ್ಯೋಗ. ನಮ್ಮ ಯೂನಿಟ್‌ನ ಮೆಷಿನ್ ಮೆಕ್ಯಾನಿಕ್ ಕೈಗೆ ಲೋಹ ಉಜ್ಜುವ ಅರ ಸಿಕ್ಕರೆ ಏನು ಬೇಕಾದರೂ ಮಾಡಬಲ್ಲವನು. ಆದರೆ ಅಲ್ಲಿ ಬಂದೂಕು ಎಂದು ಬಾಯಿಬಿಟ್ಟರೆ ಊಟದ ಹೊತ್ತಿಗೆ ನನ್ನನ್ನು ದರೋಡೆಕೋರಳನ್ನಾಗಿ ಮಾಡಿಬಿಡುತ್ತಿದ್ದರು. ಅದಕ್ಕೆ ಗುಟ್ಟಾಗಿ ಹೇಳಿದೆ.

"ಅಣ್ಣಾ, ನಮ್ಮಪ್ಪಂದು ಕುದ್ರೆ ಸವ್ದೋಗೈತೆ. ಬೆಳ್ಳಾಗೆ ಎಳ್ಯಾಕಾಗ್ತಿಲ್ಲ. ಹಗುರಾಗಿರಾದು ಒಂದ್ ಮಾಡ್ಕೊಡು, ಅಲ್ಯೂಮಿನಿಯಂದು."

"ಆಗ್ಲಿ ಬಿಡ್ರಿ ಅಕ್ಕಾರ. ನಿಮ್ಮಪ್ಪಾರ ಕೈ ಹಿಂಗಾಗೇತಂತ ಕೇಳೀನಿ," ಎಂದ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ನಾನು ನನ್ನ ಮೆಷಿನ್‌ಗೆ ಓಡಿದೆ. ಅಳತೆಗೆಂದು ತಂದಿದ್ದ ಹಳೆಯ ಕುದುರೆ ಚೀಲದಲ್ಲೇ ಉಳಿಯಿತು.

ಮರುದಿನ ಅವನು ನನ್ನ ಮುಂದೆ ಒಂದು ಕುದುರೆ ಇಟ್ಟ. ನಾಲ್ಕು ಕಾಲಿನ ಕುದುರೆ! ಅಲ್ಯೂಮಿನಿಯಂ ತಗಡಿನ ಮೈ, ನೆಟ್ಟಗೆ ನಿಂತ ಕಿವಿ, ಬಗ್ಗಿದ ಬಾಲ, ಕಾಲಿಗೆ ದಾರ ಸುತ್ತುವ ಬಾಬಿನ್‌ಗಳ ಗಾಲಿ, ಮೂಗಿಗೆ ಜೀನ್ಸ್ ಹೊಲಿಯುವ ದಾರ.

"ದಿನಾ ಬೆರಳಿಗೆ ದಾರ ಸುತ್ಕೊಂಡು ಎಳೀಲಿ ಅಂತ ಹೇಳ್ರಿ. ನರ ಸಡ್ಲ ಆಕ್ಕಾವ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಮೆಷಿನ್ ನಿಲ್ಲಿಸಿ ನೋಡಿದರು.

"ನಿನ್ ಮನೆ ಕಾಯ್ವಾಗ! ಬಂದೂಕಿನ ಕುದ್ರೆ ಕಣಣ್ಣಾ!" ಎಂದು ಕಿರುಚಿದೆ. ಗುಟ್ಟು ಅಲ್ಲಿಗೆ ಮಣ್ಣುಪಾಲಾಯಿತು.

"ಹಂಗಂತ ಮೊದ್ಲ ಹೇಳಬಾರದೇನ್ರಿ? ಆ ಬಾಲ ಬಗ್ಸಾಕ ಎಷ್ಟೊತ್ತು ಹಿಡೀತು ಗೊತ್ತೇನ್ರಿ?"

ಅವನ ಮುಖ ನೋಡಿ ನನಗೆ ನಿಜವಾಗಿಯೂ ಕೆಡುಕೆನಿಸಿತು. ಹಳೆಯ ಕೊಕ್ಕೆ ಕೊಟ್ಟು ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಗುಜರಿಗೆ ಬಿದ್ದಿದ್ದ ಮೆಷಿನ್ನಿನ ಅಲ್ಯೂಮಿನಿಯಂ ತುಂಡೊಂದನ್ನು ಕತ್ತರಿಸಿ, ಅರ ಹಾಕಿ, ಹೊಸ ಕುದುರೆ ಮಾಡಿದ. ಅಂಗೈಯಲ್ಲಿಟ್ಟುಕೊಂಡರೆ ಇದೆಯೋ ಇಲ್ಲವೋ ಎಂಬಷ್ಟು ಹಗುರ.

ರಜೆ ಸಿಕ್ಕಿ ಊರಿಗೆ ಹೋದಾಗ ಅಪ್ಪ ಮಂಚದ ಮೇಲಿಂದಲೇ ಹೇಳಿಕೊಟ್ಟ, ನಾನು ಅದನ್ನು ಕೂರಿಸಿದೆ. ಅವನನ್ನು ಹೊರಡಿಸಿಕೊಂಡು ಅವ್ವನೂ ನಾನೂ ಹೊಲಕ್ಕೆ ಹೋದೆವು. ಛರ್ರೆ ತುಂಬಿ ಬಂದೂಕು ಕೈಗೆ ಕೊಟ್ಟೆ. ಅಪ್ಪ ಡಬ್ಬದ ಕಡೆ ಎತ್ತಿ ಹಿಡಿದ. ಬೆರಳನ್ನು ಕುದುರೆಗೆ ಸಿಕ್ಕಿಸಿದ. ಇದೂ ಜಗ್ಗದಿದ್ದರೆ ಅವನು ಇನ್ನು ಮಂಚ ಬಿಟ್ಟು ಏಳುವುದಿಲ್ಲ ಎಂದು ನನಗೆ ಹೆದರಿಕೆ. ಗುರಿ ಸರಿಯಾಗಿ ಕೂರುವ ಮೊದಲೇ ಟಪ್ ಎಂದಿತು. ಡಬ್ಬ ಅಲುಗಲಿಲ್ಲ. ಮರದ ಬುಡದಲ್ಲಿ ಅವ್ವ ಇಟ್ಟಿದ್ದ ಪ್ಲಾಸ್ಟಿಕ್ ಬಿಂದಿಗೆಗೆ ತೂತು ಬಿದ್ದು ನೀರು ಚಿಮ್ಮಿತು.

"ಅಯ್ಯೋ, ನಿನ್ ಕೈ ಸೇದೋಗ!" ಎಂದಳು ಅವ್ವ. ಕೈ ಸ್ವಾಧೀನ ತಪ್ಪಲಿ ಎಂಬ ಆ ಬೈಗುಳ ಯಾರಿಗೆ ತಾಗಿತೆಂದು ಹೊಳೆದು, ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ಆ ಬೆರಳನ್ನು ಅವಳ ಮೂಗಿನ ಮುಂದೆ ಹಿಡಿದು, ನಿಧಾನಕ್ಕೆ ಮಡಚಿ ತೋರಿಸಿದ.

"ಸೇದೋಗಿತ್ತು ಕಣೇ, ಈಗ ಬಂತು. ಇನ್ನೊಂದು ಬಿಂದ್ಗೆ ತತ್ತಾ."